ಅಂಚು ಕತ್ತರಿಸು ಅಂತ ಈ ಸ್ಕ್ಯಾನರ್‌ಗೆ ಹೇಳಿದವರು ಯಾರು?

ಅಜ್ಜನ ಕೈಬರಹದ ಕಾಗದಗಳು ಒಟ್ಟು 186. ದೊಡ್ಡಮ್ಮ ಅವನ್ನು ಟ್ರಂಕಿನಿಂದ ತೆಗೆದು ನನ್ನ ಕೈಗೆ ಕೊಡುವಾಗ ಒಂದೇ ಮಾತು ಹೇಳಿದ್ದರು: "ಒಂದೇ ಸಲ ಬಿಚ್ಚು, ಮಡಿಕೆಗಳೆಲ್ಲ ಹರೀತಾ ಇವೆ." ಹಾಗೇ ಮಾಡಿದೆ. ಮೂರು ರಾತ್ರಿ ಕೂತು, ಒಂದೊಂದನ್ನೂ ಬಿಚ್ಚಿ, ಗಾಜಿನ ಮೇಲೆ ಹರಡಿ, ಮುಚ್ಚಳ ಹಾಕಿ ಸ್ಕ್ಯಾನ್ ಮಾಡಿದೆ. ಮತ್ತೆ ಮಡಚಿ ಕಟ್ಟು ಕಟ್ಟಿ ಅವರಿಗೆ ಒಪ್ಪಿಸಿಯೂ ಆಯಿತು. ನಿನ್ನೆ ತಾರೀಖಿನ ಪ್ರಕಾರ ಜೋಡಿಸೋಣ ಅಂತ ಕಂಪ್ಯೂಟರ್ ಮುಂದೆ ಕೂತರೆ 41 ಕಾಗದಗಳಲ್ಲಿ ತಾರೀಖೇ ಇಲ್ಲ.

ಅಜ್ಜ ತಾರೀಖು ಬರೆಯದೆ ಬಿಟ್ಟವರಲ್ಲ. ಬಲಗಡೆ ಮೇಲ್ತುದಿಯಲ್ಲಿ, ಸಣ್ಣಕ್ಷರದಲ್ಲಿ, ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಹಾಳೆ ತುಂಬಿದ ಮೇಲೂ ಹೇಳುವುದು ಉಳಿದಿದ್ದರೆ ಕಾಗದವನ್ನು ಅಡ್ಡ ತಿರುಗಿಸಿ ಎಡಗಡೆಯ ಅಂಚಿನುದ್ದಕ್ಕೂ ಬರೆಯುತ್ತಿದ್ದರು. ಅಂಥ ಸಾಲುಗಳೂ ಎಷ್ಟೋ ಕಡೆ ಅರ್ಧ ಅಕ್ಷರಕ್ಕೇ ನಿಂತುಹೋಗಿವೆ. ಕತ್ತರಿಸಿದ್ದು ಆಟೋ ಕ್ರಾಪ್, ಅಂದರೆ ಹಾಳೆಯ ಸುತ್ತಲಿನ ಜಾಗವನ್ನು ಸ್ಕ್ಯಾನರ್ ತಾನಾಗಿಯೇ ಕತ್ತರಿಸುವ ಸೆಟ್ಟಿಂಗ್. ಅದನ್ನು ನಾನು ಆರಿಸಿರಲಿಲ್ಲ. ಮೊದಲಿಂದಲೇ ಆನ್ ಆಗಿತ್ತು.

ಆ ಸೆಟ್ಟಿಂಗ್ ಮಾಡುವ ಕೆಲಸ ಏನು ಗೊತ್ತೇ? ಮುಚ್ಚಳದ ಒಳಮೈ ಎಲ್ಲಿ ಮುಗಿಯಿತು, ಹಾಳೆ ಎಲ್ಲಿ ಶುರುವಾಯಿತು ಅಂತ ಬಣ್ಣದ ವ್ಯತ್ಯಾಸ ನೋಡಿ ಊಹಿಸುತ್ತದೆ. ನನ್ನ ಸ್ಕ್ಯಾನರ್‌ನ ಮುಚ್ಚಳದ ಒಳಮೈ ಬಿಳಿ. ಕಾಗದವೂ ಬಿಳಿ. ಹಾಳೆಯ ಅಂಚಿನಲ್ಲಿ ಬೀಳುವ ತೆಳು ನೆರಳು ಸಿಕ್ಕಿದರೆ ಸರಿ, ಸಿಗದಿದ್ದರೆ ಕಪ್ಪಗೆ ಕಾಣುವ ಬರಹ ಎಲ್ಲಿಯವರೆಗೆ ಇದೆಯೋ ಅದೇ ಹಾಳೆ ಅಂತ ತೀರ್ಮಾನಿಸಿಬಿಡುತ್ತದೆ. ಶಾಯಿಯ ಸಾಲುಗಳು ಗಟ್ಟಿಯಾಗಿ ಕಂಡವು, ಉಳಿದವು. ಮಾಸಿದ ಪೆನ್ಸಿಲ್ ಅದರ ಲೆಕ್ಕಕ್ಕೇ ಬರಲಿಲ್ಲ, ಹೋಯಿತು. ಇಷ್ಟೆಲ್ಲ ಊಹೆಯ ಮೇಲೆ ನಡೆಯುವ ಕೆಲಸಕ್ಕೆ ಸಹಾಯದ ಪುಟದಲ್ಲಿ ಇರುವ ವಿವರಣೆ ಒಂದೇ ಸಾಲು: ಚಿತ್ರವನ್ನು ತಾನಾಗಿಯೇ ಕ್ರಾಪ್ ಮಾಡುತ್ತದೆ. ಹೇಗೆ, ಯಾವ ಆಧಾರದ ಮೇಲೆ, ಎಲ್ಲಿ ಎಡವುತ್ತದೆ, ಒಂದಕ್ಷರವೂ ಇಲ್ಲ.

ಪ್ರಿವ್ಯೂ ನೋಡಬೇಕಿತ್ತು ಅಂತೀರಿ. ಮೊದಲ ಐದಾರು ಹಾಳೆಗೆ ನೋಡಿದೆ, ಸರಿಯಾಗೇ ಇದ್ದವು. ಆದರೆ ಆಟೋ ಅಂದರೆ ಪ್ರತಿ ಹಾಳೆಗೂ ಹೊಸದಾಗಿ ತೀರ್ಮಾನ. ಐದು ಸರಿಬಂದವು ಅಂದರೆ ಆರನೆಯದೂ ಸರಿ ಬರುತ್ತದೆ ಅಂತ ಇಲ್ಲ. ಅದೂ ಅಲ್ಲದೆ ಪ್ರಿವ್ಯೂ ಬರುವುದು ಕಡಿಮೆ ರೆಸಲ್ಯೂಶನ್‌ನಲ್ಲಿ. ಬರಿಗಣ್ಣಿಗೇ ಕಷ್ಟಪಟ್ಟು ಕಾಣುವ ಪೆನ್ಸಿಲ್ ಗೆರೆ ಅದರಲ್ಲಿ ಕಾಣುವುದೇ ಇಲ್ಲ. ಕಾಣದ್ದು ಕತ್ತರಿಸಿಹೋಯಿತು ಅಂತ ಯಾರಿಗೆ ಗೊತ್ತಾಗಬೇಕು?

ಸರಿ, ಆಟೋ ಬೇಡ, ಎ4 ಅಂತ ಅಳತೆ ನಿಗದಿ ಮಾಡಿದರೆ? ಅಲ್ಲಿ ಬೇರೆ ಥರದ ಹೊಡೆತ. ಎ4 ಹಾಳೆಯ ಉದ್ದ 297 ಮಿಲಿಮೀಟರ್. ಲೀಗಲ್ ಹಾಳೆಯದು 356. ಕಟ್ಟಿನ ನಡುವೆ ಒಂದು ಲೀಗಲ್ ಹಾಳೆ ಸೇರಿಕೊಂಡು, ಹಾಳೆಗಳನ್ನು ಒಂದೊಂದಾಗಿ ಎಳೆದುಕೊಳ್ಳುವ ಫೀಡರ್‌ನಲ್ಲಿ ಹೋಯಿತು ಅಂದರೆ ಕೆಳಗಿನ 59 ಮಿಲಿಮೀಟರ್ ಮಾಯ. ಸುಮಾರು ಆರು ಸೆಂಟಿಮೀಟರ್! ಒಂದು ಪತ್ರದಲ್ಲಿ ಸಹಿ, ಮೊಹರು ಇರುವುದೇ ಆ ಆರು ಸೆಂಟಿಮೀಟರ್‌ನಲ್ಲಿ. ಮನೆಯ ಹಳೆಯ ಕರಾರುಪತ್ರವೊಂದಕ್ಕೆ ಹೀಗೇ ಆಗಿತ್ತು. ಅದನ್ನು ನಾನು ಹಾಗೇ ಇಮೇಲ್ ಮಾಡಿ, ಸಹಿ ಎಲ್ಲಿ ಅಂತ ಆ ಕಡೆಯವರು ಕೇಳಿದ ಮೇಲೆ ತೆರೆದು ನೋಡಿದೆ. ಹಾಳೆ ಇನ್ನೂ ಓಡುತ್ತಿದೆ, ಉದ್ದ ಮುಗಿದಿಲ್ಲ ಅಂತ ಫೀಡರ್‌ನ ಸೆನ್ಸರ್‌ಗೆ ಗೊತ್ತಿರುತ್ತದೆ. ಹಾಳೆ ಸಿಕ್ಕಿಹಾಕಿಕೊಂಡರೆ ಕೂಗಿಕೊಳ್ಳುವ ಯಂತ್ರಕ್ಕೆ, ಹಾಳೆಯ ಕೊನೆ ಬಿಟ್ಟುಹೋಯಿತು ಅಂತ ಒಂದು ಮಾತು ಹೇಳಲು ಏನು ದಾಡಿ?

ಓರೆಯಾದ ಹಾಳೆಯನ್ನು ನೆಟ್ಟಗೆ ಮಾಡುವ ಸೆಟ್ಟಿಂಗ್ ಬೇರೆ. ಚಿತ್ರವನ್ನು ತಿರುಗಿಸಿ ಅದೇ ಚೌಕಟ್ಟಿನೊಳಗೆ ಕೂರಿಸುವಾಗ ಮೂಲೆಗಳು ಹೊರಗೆ ಉಳಿಯುತ್ತವೆ. ಪುಟಸಂಖ್ಯೆ ಇರುವುದು ಮೂಲೆಯಲ್ಲೇ. ಇನ್ನೊಂದು, ಒಂದೇ ಸಲಕ್ಕೆ ಹಲವು ಫೋಟೊಗಳನ್ನು ಬೇರೆ ಬೇರೆಯಾಗಿ ಕತ್ತರಿಸುವುದು. ಫೋಟೊ ಅಂಟಿಸಿದ ಆಲ್ಬಮ್ ಪುಟ ಇಟ್ಟರೆ ಫೋಟೊಗಳಷ್ಟೇ ಬಂದವು, ಅವುಗಳ ಕೆಳಗೆ ಅಜ್ಜಿ ಬರೆದಿದ್ದ ಹೆಸರುಗಳು ಬರಲಿಲ್ಲ.

ಮಾರ್ಜಿನ್ ಅಂತ ಒಂದು ಖಾನೆ ಇದೆ, ಅದರಲ್ಲಿ ಸೊನ್ನೆ. ಅದಕ್ಕೆ 5 ಹಾಕಿದರೆ ಐದು ಮಿಲಿಮೀಟರ್ ಹೊರಗೆ ಬಿಡುತ್ತದೋ ಒಳಗೆ ಕತ್ತರಿಸುತ್ತದೋ, ಪಕ್ಕದಲ್ಲಿ ಬರೆದಿಲ್ಲ. ಹಾಕಿ ನೋಡಿದೆ. ಒಳಗೆ ಕತ್ತರಿಸಿತು. ಹೊರಗೆ ಜಾಗ ಬಿಡಬೇಕಾದರೆ ಮೈನಸ್ 5 ಹಾಕಬೇಕಂತೆ! 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ, ಒಂದು ಮಿಲಿಮೀಟರ್ ಅಂದರೆ ಸುಮಾರು 12 ಪಿಕ್ಸೆಲ್, ಐದು ಅಂದರೆ ಅರವತ್ತರ ಹತ್ತಿರ. ಅಜ್ಜನ ಒಂದು ಸಾಲು ಪೂರ್ತಿ ಅಷ್ಟರಲ್ಲಿ ಅಡಗುತ್ತದೆ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಇದಕ್ಕೆ: ಸ್ಕ್ಯಾನರ್‌ನ ಕಣ್ಣು ಇಡೀ ಗಾಜನ್ನು ನೋಡಿತ್ತು. ಅಂಚು ಎಲ್ಲಿದೆ ಅಂತ ಹುಡುಕಬೇಕಾದರೆ ಮೊದಲು ಅಂಚನ್ನು ನೋಡಿರಲೇಬೇಕಲ್ಲ. ಅಂದರೆ ಆ ತಾರೀಖು ಕಂಪ್ಯೂಟರ್‌ನ ಮೆಮೊರಿಯ ತನಕ ಬಂದಿರಬೇಕು. ಬಂದದ್ದನ್ನು ಬಿಸಾಡಿ, ಉಳಿದದ್ದನ್ನು ಉಳಿಸಿದೆ. ಬಿಸಾಡದೆ ಮರೆಮಾಡುವ ದಾರಿ ಇಲ್ಲವೇ ಅಂದರೆ, ಇದೆ. ಪಿಡಿಎಫ್‌ನಲ್ಲಿ ಮೀಡಿಯಾಬಾಕ್ಸ್ ಅಂತ ಪುಟದ ಪೂರ್ತಿ ಅಳತೆ ಒಂದು, ಕ್ರಾಪ್‌ಬಾಕ್ಸ್ ಅಂತ ತೆರೆಯ ಮೇಲೆ ತೋರಿಸುವ ಭಾಗದ ಅಳತೆ ಇನ್ನೊಂದು. ಹೊರಗಿನದ್ದನ್ನು ಕಡತದೊಳಗೇ ಇಟ್ಟುಕೊಂಡು ಒಳಗಿನದ್ದನ್ನಷ್ಟೇ ತೋರಿಸಬಹುದು. ಬೇಕೆನಿಸಿದಾಗ ಚೌಕಟ್ಟು ದೊಡ್ಡದು ಮಾಡಿದರೆ ಅಂಚು ವಾಪಸು ಬರುತ್ತದೆ. ಇದು ಗೊತ್ತಿದ್ದೂ ಸ್ಕ್ಯಾನರ್ ಮಾಡುವವರು ಕತ್ತರಿಸಿದ್ದನ್ನು ಕಸಕ್ಕೇ ಹಾಕುತ್ತಾರೆ, ಅದನ್ನೇ ಡಿಫಾಲ್ಟ್ ಮಾಡಿಡುತ್ತಾರೆ. ನಾಲ್ಕು ಬೆರಳು ಬಿಳಿ ಜಾಗ ಹೆಚ್ಚಿಗೆ ಬಂದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ನಾನೇ ಆಮೇಲೆ ಕತ್ತರಿಸಿಕೊಳ್ಳುತ್ತಿದ್ದೆ. ಹೋದ ಅಕ್ಷರವನ್ನು ಎಲ್ಲಿಂದ ತರಲಿ?

ನಿನ್ನೆ ರಾತ್ರಿಯೇ ಆಟೋ ಕ್ರಾಪ್ ತೆಗೆದು, ಗಾಜಿನ ಪೂರ್ತಿ ಅಳತೆ ಆರಿಸಿ, ಕಾಗದದ ಬೆನ್ನಿಗೆ ಕಪ್ಪು ರಟ್ಟು ಇಟ್ಟು ಬೇರೆ ಹಾಳೆಯಲ್ಲಿ ಪರೀಕ್ಷಿಸಿದೆ. ತೆಳು ಹಾಳೆ ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗುತ್ತದೆ, ಆದರೆ ನಾಲ್ಕೂ ಅಂಚು ಗೆರೆ ಎಳೆದಂತೆ ಕಾಣುತ್ತವೆ, ಪೆನ್ಸಿಲ್ ಕೂಡ ಉಳಿಯುತ್ತದೆ. ಮೊದಲ ದಿನವೇ ಇದನ್ನು ಯಾರಾದರೂ ಆ ಸಹಾಯದ ಪುಟದಲ್ಲಿ ಎರಡು ಸಾಲು ಬರೆದಿಟ್ಟಿದ್ದರೆ ಆಗುತ್ತಿತ್ತು.

ಈಗ ದೊಡ್ಡಮ್ಮನಿಗೆ ಫೋನ್ ಮಾಡಬೇಕು. ಆ 41 ಕಾಗದಗಳನ್ನು ಇನ್ನೊಮ್ಮೆ ಬಿಚ್ಚಬೇಕು ಅಂತ ಹೇಳಬೇಕು. ಬೆಳಿಗ್ಗೆಯಿಂದ ಎರಡು ಸಲ ನಂಬರ್ ಒತ್ತಿ ಇಟ್ಟುಬಿಟ್ಟಿದ್ದೇನೆ.