‘ನಿವ್ವಳ ಎನ್‌ಪಿಎ ಸೊನ್ನೆ’ ಅಂತೆ!

ಸಹಕಾರಿ ಬ್ಯಾಂಕಿನ ಬಾಗಿಲಲ್ಲಿ ಇವತ್ತು ಮತ್ತೊಂದು ಫ್ಲೆಕ್ಸ್. ಅಧ್ಯಕ್ಷರಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಕೈಮುಗಿದು ನಿಂತಿದ್ದಾರೆ, ಕೆಳಗೆ ದಪ್ಪಕ್ಷರದಲ್ಲಿ ‘ನಿವ್ವಳ ಎನ್‌ಪಿಎ 0%’. ಎನ್‌ಪಿಎ ಅಂದ್ರೆ ವಸೂಲಾಗದೆ ಸುಸ್ತಿ ಬಿದ್ದ ಸಾಲ. ಜನ ಫೋಟೊ ಹೊಡೆದು ಗ್ರೂಪಿಗೆ ಹಾಕ್ತಿದ್ದಾರೆ. ನಾನು ಬ್ಯಾಲೆನ್ಸ್ ಶೀಟ್ ಓದೋ ಜಾತಿ ಅಂತ ನಿಮಗೆ ಗೊತ್ತಲ್ಲ, ಮೈ ಉರಿಯದೇ ಇರುತ್ತಾ?

ಲೆಕ್ಕ ಇಷ್ಟೇ. ಕೊಟ್ಟ ಸಾಲ 100 ಕೋಟಿ, ಅದರಲ್ಲಿ 12 ಕೋಟಿ 90 ದಿನ ದಾಟಿದರೂ ಬಂದಿಲ್ಲ. ಆ ನಷ್ಟ ತುಂಬಿಕೊಳ್ಳೋಕೆ ಅಂತ ಲಾಭದಿಂದ 12 ಕೋಟಿ ತೆಗೆದಿಟ್ಟರೆ (ಇದಕ್ಕೇ ಪ್ರಾವಿಷನ್ ಅನ್ನೋದು), ಅದನ್ನ ಕಳೆದು ನಿವ್ವಳ ಸೊನ್ನೆ! ಎಂಟು ರೂಪಾಯಿಗೆ ಹತ್ತಿರಹತ್ತಿರ ಒಂದು ರೂಪಾಯಿ ಸುಸ್ತಿ ಅನ್ನೋದು ಫ್ಲೆಕ್ಸಿಗೆ ಬರಲ್ಲ. ಅದು ವಾರ್ಷಿಕ ವರದಿಯ ‘ಗ್ರಾಸ್ ಎನ್‌ಪಿಎ’ (ಪ್ರಾವಿಷನ್ ಕಳೆಯದ ಒಟ್ಟು ಸುಸ್ತಿ) ಸಾಲಿನಲ್ಲಿ ತೆಪ್ಪಗೆ ಕೂತಿರುತ್ತೆ.

“ಪ್ರಾವಿಷನ್ ಮಾಡಿದ್ದು ಒಳ್ಳೇದೇ ಅಲ್ವಾ?” ಒಳ್ಳೇದೇ, ಯಾರು ಬೇಡ ಅಂದ್ರು. ಆದರೆ ಕೆಟ್ಟಿದೆ ಅಂತ ಬ್ಯಾಂಕೇ ಒಪ್ಪಿಕೊಂಡ ಸಾಲಕ್ಕೆ ಮಾತ್ರ ಅದು. ಮುಂಬಯಿಯ ಪಿಎಂಸಿ ಬ್ಯಾಂಕ್ 2019ರ ಮಾರ್ಚಿಗೆ ತೋರಿಸಿದ ಗ್ರಾಸ್ ಎನ್‌ಪಿಎ 4%ಗಿಂತ ಕಡಿಮೆ. ಸೆಪ್ಟೆಂಬರಿನಲ್ಲಿ ಆರ್‌ಬಿಐ ನಿರ್ಬಂಧ ಹೇರಿದ ಮೇಲೆ ಹೊರಬಿತ್ತು: 70%ಗೂ ಹೆಚ್ಚು ಸಾಲ ಎಚ್‌ಡಿಐಎಲ್ ಅನ್ನೋ ಒಂದೇ ಬಿಲ್ಡರ್ ಗುಂಪಿಗೆ, ಮುಚ್ಚಿಡೋಕೆ 21,000ಕ್ಕೂ ಹೆಚ್ಚು ನಕಲಿ ಖಾತೆ. ಠೇವಣಿದಾರರಿಗೆ ಮೊದಲು ತೆಗೆಯೋಕೆ ಬಿಟ್ಟಿದ್ದು 1,000 ರೂಪಾಯಿ. ನಮ್ಮ ಬಸವನಗುಡಿಯ ಗುರು ರಾಘವೇಂದ್ರ ಬ್ಯಾಂಕಿನಲ್ಲಿ, 2020ರ ಜನವರಿಯಲ್ಲಿ, 35,000. ಕಾರ್ಪೊರೇಟ್ ಬ್ಯಾಂಕುಗಳೇನು ಸಾಚಾನಾ? ಯೆಸ್ ಬ್ಯಾಂಕ್ 2016ರ ಮಾರ್ಚಿಗೆ ತೋರಿಸಿದ ಗ್ರಾಸ್ ಎನ್‌ಪಿಎ ಸುಮಾರು 749 ಕೋಟಿ. ಆರ್‌ಬಿಐ ಎಣಿಸಿದಾಗ 4,900 ಕೋಟಿ ದಾಟಿತ್ತು.

ಮಹಾಸಭೆಗೆ ಹೋಗ್ತೀರಿ, ಸ್ಟೀಲ್ ಡಬ್ಬ ತಗೋತೀರಿ (ನನಗೂ ಡಬ್ಬ ಇಷ್ಟ, ಸುಳ್ಳು ಯಾಕೆ), ವರದಿ ಪುಸ್ತಕ ಕುರ್ಚಿ ಮೇಲೇ ಬಿಟ್ಟು ಬರ್ತೀರಿ. ಅದರ ಕೊನೆಯ ‘ನೋಟ್ಸ್’ ಪುಟ ತೆಗೀರಿ. ಮೊದಲ 20 ದೊಡ್ಡ ಸಾಲಗಾರರ ಪಾಲು ಎಷ್ಟು ಪರ್ಸೆಂಟ್? ಆರ್‌ಬಿಐ ದಂಡ ಹಾಕಿದೆಯಾ, ಯಾವುದಕ್ಕೆ? ‘ಡೈವರ್ಜೆನ್ಸ್’ ಅನ್ನೋ ತಲೆಬರಹ ಇದೆಯಾ? ಅಂದ್ರೆ ಬ್ಯಾಂಕಿನ ಎನ್‌ಪಿಎ ಲೆಕ್ಕಕ್ಕೂ ಆರ್‌ಬಿಐ ಲೆಕ್ಕಕ್ಕೂ ತಾಳೆ ಇಲ್ಲ ಅಂತ. ಸಿಆರ್‌ಎಆರ್ (ಸಾಲದ ಅಪಾಯಕ್ಕೆ ಹೋಲಿಸಿದರೆ ಬ್ಯಾಂಕಿನ ಬಂಡವಾಳ ಎಷ್ಟು ಪರ್ಸೆಂಟ್ ಅನ್ನೋದು) ಮೂರು ವರ್ಷದ್ದು ಸಾಲಾಗಿ ಬರೆದುಕೊಳ್ಳಿ, ಇಳೀತಾ ಇದೆಯಾ ನೋಡಿ. ಬ್ಯಾಲೆನ್ಸ್ ಶೀಟಿನ ಹೊಣೆಗಳ (ಲಯಬಿಲಿಟೀಸ್) ಕಡೆ ‘ಓವರ್‌ಡ್ಯೂ ಇಂಟರೆಸ್ಟ್ ರಿಸರ್ವ್’ ಅಂತ ಒಂದು ಮೊತ್ತ ಇರುತ್ತೆ. ಅದು ಕೆಟ್ಟ ಸಾಲದ ಮೇಲೆ ವಸೂಲಾಗದ ಬಡ್ಡಿ. ಫ್ಲೆಕ್ಸಿನಲ್ಲಿ ಸೊನ್ನೆ, ಇಲ್ಲಿ ಕೋಟಿಗಟ್ಟಲೆ! ಸಾಲದ ಮೊತ್ತ ಏರಿ, ಸಾಲಗಾರರ ಸಂಖ್ಯೆ ಇಳಿದಿದ್ದರೆ ಇನ್ನೂ ಅನುಮಾನ ಪಡಿ. ಹಳೇ ಸಾಲಕ್ಕೆ ಹೊಸ ಸಾಲ ಕೊಟ್ಟು ಮಾರ್ಚ್ 31 ದಾಟಿಸೋ ಬುಕ್ ಅಡ್ಜಸ್ಟ್‌ಮೆಂಟ್ ಇರಬಹುದು.

“ಐದು ಲಕ್ಷ ವಿಮೆ ಇದೆಯಲ್ಲ ಸಾರ್” ಅಂತ ಕಾಮೆಂಟ್ ಹಾಕೋರಿಗೆ ಈಗಲೇ ಹೇಳಿಬಿಡ್ತೀನಿ. ಒಬ್ಬರಿಗೆ, ಒಂದು ಬ್ಯಾಂಕಿನ ಎಲ್ಲಾ ಶಾಖೆ ಸೇರಿ, ಅಸಲು ಬಡ್ಡಿ ಸೇರಿ ಐದು ಲಕ್ಷ. ಸರಿಯಾಗಿ ಐದು ಲಕ್ಷ ಎಫ್‌ಡಿ ಇಟ್ಟರೆ ಬಡ್ಡಿಗೆ ರಕ್ಷಣೆ ಇಲ್ಲ. ಇನ್ನು ಆರ್‌ಬಿಐ ಲೈಸೆನ್ಸ್ ಇಲ್ಲದ ಸೌಹಾರ್ದ ಸಹಕಾರಿ, ಪತ್ತಿನ ಸಂಘದಲ್ಲಿ ಇಟ್ಟಿದ್ದೀರಾ? ಅಲ್ಲಿ ಆ ವಿಮೆಯೇ ಇಲ್ಲ. ಫ್ಲೆಕ್ಸ್ ಮಾತ್ರ ಇನ್ನೂ ದೊಡ್ಡದು.