ವಾರ್ಡಿನಲ್ಲಿ ವಿದ್ಯಾರ್ಥಿ ಯಾರ ಲೆಕ್ಕಕ್ಕೆ?

ಮಗಳನ್ನು ನರ್ಸಿಂಗ್‌ಗೆ ಸೇರಿಸಬೇಕೆಂದಿರುವವರು ಕಾಲೇಜಿನ ಕಟ್ಟಡ, ಹಾಸ್ಟೆಲ್ಲು, ಫೀಸು, ವಿದೇಶಕ್ಕೆ ಹೋದವರ ಫೋಟೊ ಹಾಕಿದ ಬ್ಯಾನರು, ಇಷ್ಟನ್ನು ನೋಡಿ ಬರುತ್ತಾರೆ. ಕೇಳಲೇಬೇಕಾದದ್ದು ಬೇರೆ ಇದೆ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೆ? ಅದರ ಹಾಸಿಗೆಗಳಲ್ಲಿ ನಿಜವಾಗಿ ರೋಗಿಗಳಿದ್ದಾರೆಯೆ? ವಾರ್ಡಿಗೆ ಹೋದ ಹುಡುಗಿಯ ಪಕ್ಕದಲ್ಲಿ ನಿಂತು ಹೇಳಿಕೊಡುವವರು ಯಾರು? ಬಿ.ಎಸ್ಸಿ. ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಿರಬೇಕು ಎನ್ನುತ್ತದೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್. ಕಾಗದದ ಮೇಲೆ ಇದೆಲ್ಲ ಸರಿಯಾಗಿಯೇ ಇರುತ್ತದೆ. ಇಂಗ್ಲೆಂಡಿನಲ್ಲಿದ್ದುಕೊಂಡು ಎರಡೂ ಕಡೆಯ ಪದ್ಧತಿಯನ್ನು ಅಕ್ಕಪಕ್ಕ ಇಟ್ಟು ನೋಡುವ ನನಗೆ ದೊಡ್ಡ ವ್ಯತ್ಯಾಸ ಕಾಣುವುದು ಪಠ್ಯಕ್ರಮದಲ್ಲಲ್ಲ, ವಾರ್ಡಿನ ಡ್ಯೂಟಿ ಪಟ್ಟಿಯಲ್ಲಿ.

ಪಠ್ಯದ ವಿಚಾರದಲ್ಲಿ ನಮ್ಮದು ಅಗಲ, ಇಲ್ಲಿಯದು ಇಕ್ಕಟ್ಟು. ಕರ್ನಾಟಕದಲ್ಲಿ ಜಿ.ಎನ್.ಎಂ. ಎಂಬ ಡಿಪ್ಲೊಮಾ ಮೂರು ವರ್ಷ, ಬಿ.ಎಸ್ಸಿ. ನಾಲ್ಕು ವರ್ಷ. ಮುಗಿಸಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿದರೆ ನರ್ಸೂ ಹೌದು, ಸೂಲಗಿತ್ತಿಯೂ ಹೌದು. ಮಕ್ಕಳ ವಾರ್ಡು, ಮಾನಸಿಕ ರೋಗ, ಹೆರಿಗೆ, ಹಳ್ಳಿಯ ಮನೆಭೇಟಿ ಎಲ್ಲವೂ ಒಂದೇ ಕೋರ್ಸಿನಲ್ಲಿ ಬರುತ್ತವೆ. ಇಂಗ್ಲೆಂಡಿನಲ್ಲಿ ಹದಿನೆಂಟನೇ ವಯಸ್ಸಿಗೇ ಒಂದನ್ನು ಆರಿಸಿಕೊಳ್ಳಬೇಕು: ವಯಸ್ಕರು, ಮಕ್ಕಳು, ಮಾನಸಿಕ ಆರೋಗ್ಯ, ಇಲ್ಲವೇ ಕಲಿಕಾ ನ್ಯೂನತೆ. ಹೆರಿಗೆಯದು ಬೇರೆಯೇ ಪದವಿ. ಇಷ್ಟು ಬೇಗ ದಾರಿ ಕವಲೊಡೆಸುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ವಯಸ್ಕರ ವಾರ್ಡಿನ ನರ್ಸಿಗೆ ಮಾನಸಿಕ ತೊಂದರೆಯ ರೋಗಿ ಬಂದಾಗ ಕೈಕಾಲು ಆಡದಿರುವುದು ಇಲ್ಲಿ ಕಾಣುವಂಥದ್ದೇ.

ಆದರೆ ಇಲ್ಲಿ ಒಂದು ನಿಯಮವಿದೆ, ಅದಕ್ಕಾಗಿಯೇ ಇದನ್ನೆಲ್ಲ ಬರೆಯುತ್ತಿರುವುದು. ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಂದರೆ ಬ್ರಿಟನ್ನಿನ ನರ್ಸುಗಳನ್ನು ನಿಯಂತ್ರಿಸುವ ಮಂಡಳಿ ಎನ್‌ಎಂಸಿ, ಕೋರ್ಸಿಗೆ 4600 ಗಂಟೆ ನಿಗದಿ ಮಾಡಿದೆ. ಅರ್ಧ ತರಗತಿ, ಅರ್ಧ ವಾರ್ಡು. ವಾರ್ಡಿನ ಆ 2300 ಗಂಟೆಗಳಲ್ಲಿ ವಿದ್ಯಾರ್ಥಿಯನ್ನು ಸಿಬ್ಬಂದಿಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಆ ದಿನ ವಾರ್ಡಿಗೆ ನಾಲ್ವರು ನರ್ಸು ಬೇಕಿದ್ದರೆ ನಾಲ್ವರು ಇರಬೇಕು, ವಿದ್ಯಾರ್ಥಿ ಐದನೆಯವಳು. ಮತ್ತೆ, ದಿನವೂ ಜೊತೆಗಿದ್ದು ಕಲಿಸುವವರು ಒಬ್ಬರು, ಕೊನೆಗೆ ಈಕೆ ಸಮರ್ಥಳು ಎಂದು ಸಹಿ ಹಾಕುವವರು ಇನ್ನೊಬ್ಬರು. 2018ರಿಂದ ಈ ಎರಡು ಹೊಣೆಯನ್ನು ಬೇರ್ಪಡಿಸಿದ್ದಾರೆ. ನಿತ್ಯ ಜೊತೆಗೆ ಟೀ ಕುಡಿದವರಿಗೆ ಫೇಲು ಮಾಡಲು ಮನಸ್ಸು ಬರುವುದಿಲ್ಲ, ಅದಕ್ಕೆ.

ನಮ್ಮ ಕಡೆ ಅನೇಕ ಆಸ್ಪತ್ರೆಗಳಲ್ಲಿ ಮೂರನೇ ವರ್ಷದ ಹುಡುಗಿಯೇ ರಾತ್ರಿ ಪಾಳಿಯ ಅರ್ಧ ಬಲ. ಟ್ಯೂಟರ್ ಬೆಳಿಗ್ಗೆ ಬಂದು ಹಾಜರಿ ತೆಗೆದುಕೊಂಡು ಹೋಗುತ್ತಾರೆ. ಇನ್‌ಚಾರ್ಜ್ ಸಿಸ್ಟರಿಗೆ ಇಂಡೆಂಟು, ಡಿಸ್‌ಚಾರ್ಜು, ವಿಮೆಯ ಕಾಗದ, ಡಾಕ್ಟರ ರೌಂಡ್ಸು ಇವುಗಳಲ್ಲೇ ಹೊತ್ತು ಮುಗಿಯುತ್ತದೆ. ಹೇಳಿಕೊಡುವವಳು ಕೊನೆಗೆ ಯಾರೆಂದರೆ ಒಂದು ವರ್ಷ ಹಿರಿಯ ಇನ್ನೊಬ್ಬ ವಿದ್ಯಾರ್ಥಿನಿ. ಆಕೆ ಕಲಿತ ತಪ್ಪೂ ಜೊತೆಗೇ ದಾಟುತ್ತದೆ. ಲಾಗ್ ಬುಕ್ಕು, ಪ್ರೊಸೀಜರ್ ಬುಕ್ಕು, ಕೇರ್ ಪ್ಲಾನುಗಳನ್ನು ಪರೀಕ್ಷೆಗೆ ಎರಡು ವಾರ ಮೊದಲು ಹಾಸ್ಟೆಲ್ಲಿನಲ್ಲಿ ಸಾಲಾಗಿ ಕೂತು ತುಂಬಿಸುತ್ತಾರೆ. ಸಹಿ ಒಂದೇ ಸಂಜೆ ಆಗಿಬಿಡುತ್ತದೆ. ಎದುರಿನಲ್ಲಿ ಮಾಡಿ ತೋರಿಸಿದ ಕೆಲಸಕ್ಕೆ ಅದೇ ದಿನ ಸಹಿ ಹಾಕಿಸಿಕೊಳ್ಳುವುದು ವಿದ್ಯಾರ್ಥಿಯ ಕೈಯಲ್ಲೇ ಇರುವ ವಿಷಯ. ಎಷ್ಟು ಕಿರಿಕಿರಿಯಾದರೂ ಅದನ್ನು ಬಿಡಬಾರದು.

ಇಷ್ಟಾದರೂ ಕೈಚಳಕದಲ್ಲಿ ನಮ್ಮ ಮಕ್ಕಳು ಮುಂದೆ. ನರ ಸಿಗದ ಮುದುಕರಿಗೆ ಐ.ವಿ. ಲೈನು ಹಾಕುವುದು, ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬು ಇಳಿಸುವುದು, ಕ್ಯಾಥೆಟರ್, ತುರ್ತು ಹೆರಿಗೆ, ಇವೆಲ್ಲ ಕೋರ್ಸು ಮುಗಿಯುವ ಮೊದಲೇ ಕೈಗೆ ಹತ್ತಿರುತ್ತವೆ. ಇಂಗ್ಲೆಂಡಿನಲ್ಲಿ ಪಾಸಾಗಿ ಬಂದ ಹೊಸ ನರ್ಸು ಎಷ್ಟೋ ಕಡೆ ಆಸ್ಪತ್ರೆಯದೇ ಐ.ವಿ. ತರಬೇತಿ ಮುಗಿಸುವವರೆಗೂ ಡ್ರಿಪ್ಪಿನಲ್ಲಿ ಆ್ಯಂಟಿಬಯಾಟಿಕ್ ಕೊಡುವಂತಿಲ್ಲ. ಇನ್ನು, ಲೆಕ್ಕಕ್ಕೆ ಸೇರಿಸಬಾರದೆಂಬ ನಿಯಮವೂ ಇಲ್ಲಿ ಪೂರ್ತಿ ಪಾಲನೆಯಾಗುತ್ತದೆ ಎಂದುಕೊಳ್ಳಬೇಡಿ. ಆರೈಕೆ ಸಹಾಯಕರು ರಜೆ ಹಾಕಿದ ದಿನ ವಿದ್ಯಾರ್ಥಿಯೇ ಅವರ ಕೆಲಸ ಮಾಡುತ್ತಾಳೆ. 2017ರಲ್ಲಿ ಇಂಗ್ಲೆಂಡಿನ ನರ್ಸಿಂಗ್ ವಿದ್ಯಾರ್ಥಿಗಳ ಬರ್ಸರಿ, ಅಂದರೆ ಸರ್ಕಾರದ ವಿದ್ಯಾರ್ಥಿವೇತನ, ನಿಲ್ಲಿಸಿದರು. 2020ರಿಂದ ವರ್ಷಕ್ಕೆ 5000 ಪೌಂಡ್ ನೆರವು ಕೊಡುತ್ತಿದ್ದಾರೆ, ಆದರೂ ಫೀಸಿನ ಸಾಲ ಹೆಗಲ ಮೇಲೆ ಹಾಗೇ ಇರುತ್ತದೆ. ಸಾಲ ಮಾಡಿ ಫೀಸು ಕಟ್ಟಿ, ಸಂಬಳವಿಲ್ಲದೆ ಪಾಳಿ ಮಾಡಬೇಕು ಎಂಬ ಅವರ ಗೊಣಗಾಟ ನ್ಯಾಯವಾದದ್ದೇ. ವ್ಯತ್ಯಾಸ ಇಷ್ಟೇ: ಇಲ್ಲಿ ದೂರು ಕೊಡಲು ಒಂದು ಬರೆದಿಟ್ಟ ನಿಯಮವಿದೆ.

ಇನ್ನು ಹೊಸ ನರ್ಸುಗಳು ನಿಜವಾಗಿ ಎಡವುವ ಜಾಗಗಳು. ಮೊದಲನೆಯದು ಲೆಕ್ಕ. ಊರಲ್ಲಿ ಡ್ರಿಪ್ ಹರಿಸುವ ಪಂಪು ಇಲ್ಲದ ವಾರ್ಡೇ ಹೆಚ್ಚು, ಆದ್ದರಿಂದ ಹನಿ ಎಣಿಸಬೇಕು. ಮಾಮೂಲಿ ಐ.ವಿ. ಸೆಟ್ಟಿನಲ್ಲಿ 20 ಹನಿಗೆ ಒಂದು ಮಿ.ಲೀ., ಮೈಕ್ರೊ ಸೆಟ್ಟಿನಲ್ಲಿ 60 ಹನಿಗೆ. 500 ಮಿ.ಲೀ. ನಾಲ್ಕು ಗಂಟೆಯಲ್ಲಿ ಹೋಗಬೇಕೆಂದರೆ ಗಂಟೆಗೆ 125, ಅದನ್ನು 20ರಿಂದ ಗುಣಿಸಿ 60ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ರೋಗಿ ಕೈ ಮಡಚಿದರೆ, ರೋಗಿಯ ಕಡೆಯವರು ಡ್ರಿಪ್ಪಿನ ಚಕ್ರ ತಿರುಗಿಸಿದರೆ ಲೆಕ್ಕ ಕೆಟ್ಟಿತು. ಹಾಗಾಗಿ ಅರ್ಧ ಗಂಟೆಗೊಮ್ಮೆ ಬಾಟಲಿಯ ಗೆರೆ ನೋಡಬೇಕು. ಐ.ಸಿ.ಯು.ನಲ್ಲಿ ಪಂಪು ಇದೆ, ಆದರೆ ಪಂಪಿಗೆ ಅಂಕಿ ಕೊಡುವವರು ನಾವೇ. ಬಿ.ಪಿ. ಏರಿಸುವ ಔಷಧ ಡೋಪಮಿನ್ 200 ಮಿ.ಗ್ರಾಂ. ಅನ್ನು 50 ಮಿ.ಲೀ.ಗೆ ಬೆರೆಸಿದರೆ ಒಂದು ಮಿ.ಲೀ.ನಲ್ಲಿ 4000 ಮೈಕ್ರೊಗ್ರಾಂ. 60 ಕೆ.ಜಿ. ತೂಕದವರಿಗೆ ಕೆ.ಜಿ.ಗೆ ನಿಮಿಷಕ್ಕೆ 5 ಮೈಕ್ರೊಗ್ರಾಂ ಎಂದರೆ ನಿಮಿಷಕ್ಕೆ 300, ಗಂಟೆಗೆ 18,000. ಪಂಪು ಗಂಟೆಗೆ 4.5 ಮಿ.ಲೀ. ಇಲ್ಲಿ ಮಿಲಿ ಮತ್ತು ಮೈಕ್ರೊ ಅದಲುಬದಲಾಗುವುದು, ನಿಮಿಷವನ್ನು ಗಂಟೆ ಮಾಡಲು ಮರೆಯುವುದು, ಈ ಎರಡೇ ತಪ್ಪು ಪದೇ ಪದೇ ಆಗುತ್ತವೆ. ಇಂಗ್ಲೆಂಡಿನ ಕೋರ್ಸಿನಲ್ಲಿ ಕೊನೆಯ ಹೊತ್ತಿಗೆ ಔಷಧದ ಲೆಕ್ಕದಲ್ಲಿ ನೂರಕ್ಕೆ ನೂರು ಬರಲೇಬೇಕು. ಐವತ್ತಕ್ಕೆ ಪಾಸು ಮಾಡುವ ವಿಷಯ ಇದಲ್ಲ. ಈ ಒಂದನ್ನು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ನಾಳೆಯೇ ತಂದರೂ ಖರ್ಚೇನೂ ಬೀಳುವುದಿಲ್ಲ.

ಇನ್ಸುಲಿನ್ ವಿಚಾರ ನಮ್ಮ ದೇಶದ್ದೇ ಒಂದು ಅಪಾಯ. ಭಾರತದಲ್ಲಿ ಮಿ.ಲೀ.ಗೆ 40 ಯೂನಿಟ್ಟಿನ ಬಾಟಲಿಯೂ ಉಂಟು, 100 ಯೂನಿಟ್ಟಿನದೂ ಉಂಟು. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ರೋಗಿಗೆ ಹೋಗುವುದು 25 ಯೂನಿಟ್. ಉಲ್ಟಾ ಆದರೆ, ಅಂದರೆ 40ರ ಬಾಟಲಿಗೆ ಕಿತ್ತಳೆ ಸಿರಿಂಜು ಹಾಕಿದರೆ, ಹತ್ತರ ಜಾಗದಲ್ಲಿ ನಾಲ್ಕೇ ಯೂನಿಟ್ ಹೋಗಿ ಸಕ್ಕರೆ ಇಳಿಯುವುದಿಲ್ಲ, ಡಾಕ್ಟರು ಡೋಸು ಏರಿಸುತ್ತಾರೆ, ಆಮೇಲೆ ಯಾರೋ ಸರಿಯಾದ ಸಿರಿಂಜು ತೆಗೆದುಕೊಂಡ ದಿನ ರೋಗಿ ಬೆವತು ಬೀಳುತ್ತಾನೆ. ಸಿರಿಂಜು ಕೈಗೆ ತೆಗೆದುಕೊಳ್ಳುವ ಮೊದಲು ಬಾಟಲಿಯ ಮೇಲಿನ ಅಂಕಿ ಓದುವುದೊಂದೇ ಉಪಾಯ. ಹಾಗೆಯೇ ಚಾರ್ಟಿನಲ್ಲಿ ಯೂನಿಟ್ ಎಂಬುದನ್ನು ಇಂಗ್ಲಿಷಿನ ಒಂದೇ ಅಕ್ಷರದಲ್ಲಿ ಗೀಚಬಾರದು. ಅದು ಸೊನ್ನೆಯಂತೆ ಕಂಡು 4 ಎಂಬುದು 40 ಆಗುತ್ತದೆ.

ಎರಡನೆಯದು ಉಸಿರು. ಯಾವ ವಾರ್ಡಿನ ಟಿ.ಪಿ.ಆರ್. (ಜ್ವರ, ನಾಡಿ, ಉಸಿರು ಬರೆಯುವ) ಚಾರ್ಟು ತೆಗೆದರೂ ಎಲ್ಲ ರೋಗಿಗಳ ಉಸಿರೂ 18 ಅಥವಾ 20! ಇದು ಬೆಂಗಳೂರಿನ ಕಾಯಿಲೆ ಮಾತ್ರ ಅಲ್ಲ, ಲಂಡನ್ನಿನಲ್ಲೂ ಇದೆ. ಯಂತ್ರ ನಾಡಿ, ಬಿ.ಪಿ., ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ) ಕೊಡುತ್ತದೆ, ಉಸಿರನ್ನು ಮಾತ್ರ ಕಣ್ಣಿಂದ ಎಣಿಸಬೇಕು. ಅದಕ್ಕೇ ಅಂದಾಜಿನಲ್ಲಿ ಬರೆಯುತ್ತಾರೆ. ಬ್ರಿಟನ್ನಿನ ವೈದ್ಯರ ಸಂಸ್ಥೆ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ, ರೋಗಿ ಹದಗೆಡುವುದನ್ನು ಮೊದಲೇ ಗುರುತಿಸುವ ನ್ಯೂಸ್-2 ಎಂಬ ಅಂಕ ಪದ್ಧತಿಯಲ್ಲಿ ಉಸಿರು 12ರಿಂದ 20 ಇದ್ದರೆ ಸೊನ್ನೆ, 21ರಿಂದ 24ಕ್ಕೆ ಎರಡು, 25 ಅಥವಾ ಅದಕ್ಕಿಂತ ಹೆಚ್ಚಾದರೆ ಮೂರು. ಉಸಿರು, ಸ್ಯಾಚುರೇಶನ್, ಹೊರಗಿನಿಂದ ಕೊಡುವ ಆಕ್ಸಿಜನ್, ಬಿ.ಪಿ.ಯ ಮೇಲಿನ ಅಂಕಿ, ನಾಡಿ, ಎಚ್ಚರ, ಜ್ವರ, ಈ ಏಳರ ಮೊತ್ತ 5 ಆದರೆ ಡಾಕ್ಟರು ಬೇಗ ಬಂದು ನೋಡಬೇಕು, 7 ಆದರೆ ತುರ್ತು. ಹಾಸಿಗೆ ಹಿಡಿದ ರೋಗಿ ಹದಗೆಡುವಾಗ ಬಿ.ಪಿ. ಇಳಿಯುವ ಮೊದಲು ಸಾಮಾನ್ಯವಾಗಿ ಉಸಿರು ಏರುತ್ತದೆ. 24 ಇದ್ದದ್ದನ್ನು 18 ಎಂದು ಬರೆದರೆ ಎರಡು ಅಂಕ ಹೋಯಿತು, ಅದರ ಜೊತೆ ಕೆಲವು ಗಂಟೆಯೂ ಹೋಯಿತು. ಎಣಿಸುವ ಕ್ರಮ ಇದು: ನಾಡಿ ಹಿಡಿದವರಂತೆ ಮಣಿಕಟ್ಟು ಹಿಡಿದುಕೊಂಡೇ ಎದೆ ನೋಡಿ, ಪೂರ್ತಿ ಒಂದು ನಿಮಿಷ. ಎಣಿಸುತ್ತಿದ್ದೀರೆಂದು ಗೊತ್ತಾದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ.

ಮೂರನೆಯದು ಫೋನು. ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರನ್ನು ಎಬ್ಬಿಸಲು ಹೊಸ ಸಿಸ್ಟರಿಗೆ ಅಂಜಿಕೆ. ಬೈಯುತ್ತಾರೆಂಬ ಭಯದಲ್ಲಿ "ಸರ್, ಪೇಷಂಟ್ ಯಾಕೋ ಸರಿ ಇಲ್ಲ ಸರ್" ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಅವರು "ಪ್ಯಾರಾಸಿಟಮಾಲ್ ಕೊಡಿ" ಎಂದು ಇಟ್ಟುಬಿಡುತ್ತಾರೆ. ಇಲ್ಲಿ ಮೊದಲ ವರ್ಷದಿಂದಲೇ ಈ ಮಾತಿನ ಕ್ರಮ ರೂಢಿ ಮಾಡಿಸುತ್ತಾರೆ: ಈಗೇನಾಗಿದೆ, ಹಿಂದಿನದೇನು, ನನ್ನ ಅಂದಾಜೇನು, ನೀವೇನು ಮಾಡಬೇಕು. ಕನ್ನಡದಲ್ಲೇ ಹೇಳಿದರೆ ಹೀಗೆ:

"ಸರ್, ಸರ್ಜಿಕಲ್ ವಾರ್ಡಿನಿಂದ ಸಿಸ್ಟರ್ ಮಾತಾಡ್ತಿದ್ದೀನಿ. 12ನೇ ಬೆಡ್ಡಿನವರ ಉಸಿರು 26, ನಾಡಿ 118, ಬಿ.ಪಿ. 94/60, ಜ್ವರ 101.5, ಆಕ್ಸಿಜನ್ ಇಲ್ಲದೆ ಸ್ಯಾಚುರೇಶನ್ 93. ಐವತ್ತೆಂಟು ವರ್ಷ, ನಿನ್ನೆ ಪಿತ್ತಕೋಶದ ಆಪರೇಶನ್ ಆಗಿದೆ. ಬೆಳಿಗ್ಗೆ ನಾಡಿ 88 ಇತ್ತು. ನಾಲ್ಕು ಗಂಟೆಯಲ್ಲಿ ಮೂತ್ರ 60 ಮಿ.ಲೀ. ಮಾತ್ರ. ಸೆಪ್ಸಿಸ್ ಇರಬಹುದು ಅನ್ಸುತ್ತೆ. ಈಗಲೇ ಬಂದು ನೋಡ್ಬೇಕು ಸರ್. ಅಷ್ಟರಲ್ಲಿ ಬ್ಲಡ್ ಕಲ್ಚರ್ ತೆಗೆದು ಡ್ರಿಪ್ ಶುರು ಮಾಡ್ಲಾ?"

ಅರ್ಧ ನಿಮಿಷದ ಮಾತು. (ಸೆಪ್ಸಿಸ್ ಎಂದರೆ ಸೋಂಕಿನಿಂದ ಅಂಗಾಂಗಗಳಿಗೇ ಪೆಟ್ಟು ಬೀಳುವ ಅಪಾಯದ ಸ್ಥಿತಿ.) ನ್ಯೂಸ್-2 ಲೆಕ್ಕದಲ್ಲಿ ಈ ಅಂಕಿಗಳ ಮೊತ್ತ 10. ಇಷ್ಟು ಕೇಳಿದ ಮೇಲೆ ಯಾವ ಡಾಕ್ಟರೂ ಮಗ್ಗುಲು ಬದಲಿಸಿ ಮಲಗುವುದು ಕಷ್ಟ. ಮಲಗಿದರೂ, ಫೋನು ಮಾಡಿದ ಹೊತ್ತು, ಹೇಳಿದ ಅಂಕಿ, ಅವರು ಕೊಟ್ಟ ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆದು, ಮೇಲಿನವರಿಗೆ ಇನ್ನೊಂದು ಫೋನು ಮಾಡಬೇಕು. ಬರೆದಿಡದಿದ್ದರೆ ಬೆಳಿಗ್ಗೆ ಎಲ್ಲ ಬೆರಳೂ ರಾತ್ರಿಯ ಸಿಸ್ಟರ ಕಡೆಗೇ.

ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳಲ್ಲಿ ಎರಡು ಕಡೆಯ ಅಂತರ ಇನ್ನೂ ದೊಡ್ಡದು. ಇಂಗ್ಲೆಂಡಿನಲ್ಲಿ ಹೊಸಬರಿಗೆ ಪ್ರಿಸೆಪ್ಟರ್ ಎಂದು ಒಬ್ಬ ಹಿರಿಯ ನರ್ಸನ್ನು ಗೊತ್ತು ಮಾಡುತ್ತಾರೆ. ಸಾಮಾನ್ಯವಾಗಿ ಮೊದಲ ಎರಡು ವಾರ ಲೆಕ್ಕದ ಹೊರಗೆ, ಆಮೇಲೆ ಆರು ತಿಂಗಳಿಂದ ಒಂದು ವರ್ಷ ಆಗಾಗ ಕೂರಿಸಿಕೊಂಡು ಮಾತಾಡುತ್ತಾರೆ. ನಮ್ಮಲ್ಲಿ ಮೊದಲ ವಾರವೇ ಒಬ್ಬಳ ಪಾಲಿಗೆ ಹತ್ತಾರು ಹಾಸಿಗೆ, ಮೇಲೆ ಇಷ್ಟು ವರ್ಷ ಬಿಟ್ಟುಹೋಗುವುದಿಲ್ಲವೆಂಬ ಬಾಂಡು. ಬಾಂಡ್ ಪದ್ಧತಿ ಸಲ್ಲದೆಂದು ಇಂಡಿಯನ್ ನರ್ಸಿಂಗ್ ಕೌನ್ಸಿಲ್ಲೇ ಹೇಳಿದೆ, ಆದರೂ ಮಾರ್ಕ್ಸ್ ಕಾರ್ಡಿನ ಮೂಲಪ್ರತಿ ಇಟ್ಟುಕೊಳ್ಳುವ ಆಸ್ಪತ್ರೆಗಳು ಇವೆ. ಸೇರುವಾಗ ನಕಲು ಕೊಡಿ, ಮೂಲಪ್ರತಿ ತೋರಿಸಿ ವಾಪಸು ತನ್ನಿ. ಸಂಬಳದ ವಿಚಾರದಲ್ಲಿ ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿ 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದಿತು, 200 ಹಾಸಿಗೆ ಮೀರಿದ ಕಡೆ ಸರ್ಕಾರಿ ನರ್ಸಿನ ಸಮಕ್ಕೆ ಎಂದಿತು. ಜಿಲ್ಲಾ ಕೇಂದ್ರದ ನರ್ಸಿಂಗ್ ಹೋಮುಗಳಲ್ಲಿ ಹೊಸಬರ ಕೈಗೆ ಎಷ್ಟು ಬರುತ್ತದೆಂದು ಓದುಗರಿಗೇ ಗೊತ್ತು.

ಪ್ರಿಸೆಪ್ಟರ್ ಸಿಗದಿದ್ದರೆ ಹೊಸಬರು ತಾವೇ ಮಾಡಿಕೊಳ್ಳಬಹುದಾದ್ದು ಒಂದು ಹಾಳೆ. ಹಿಂದಿನ ಪಾಳಿಯವರಿಂದ ಹ್ಯಾಂಡೋವರ್ ತೆಗೆದುಕೊಳ್ಳುವಾಗಲೇ ಎಡಕ್ಕೆ ಬೆಡ್ ನಂಬರು, ಅಡ್ಡಕ್ಕೆ ಗಂಟೆಗಳು. ಹೊತ್ತು ತಪ್ಪಬಾರದ ಔಷಧಗಳಾದ ಇನ್ಸುಲಿನ್, ಆ್ಯಂಟಿಬಯಾಟಿಕ್, ಫಿಟ್ಸಿನ ಮತ್ತು ಪಾರ್ಕಿನ್ಸನ್ ಮಾತ್ರೆಗಳನ್ನು ಮೊದಲು ತುಂಬಿಸಿ. ಅಲರ್ಜಿಯನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ಹ್ಯಾಂಡೋವರ್ ಮುಗಿದೊಡನೆ ಕುಳಿತು ಬರೆಯಲು ಹೋಗದೆ ಪ್ರತಿ ಹಾಸಿಗೆಗೂ ಒಮ್ಮೆ ಹೋಗಿ: ರೋಗಿ ಉಸಿರಾಡುತ್ತಿದ್ದಾರೆಯೆ, ಲೈನಿನ ಜಾಗ ಊದಿದೆಯೆ, ಡ್ರಿಪ್ಪಿನಲ್ಲಿ ಏನಿದೆ, ಯೂರಿನ್ ಬ್ಯಾಗಿನಲ್ಲಿ ಎಷ್ಟಿದೆ. ಹಿಂದಿನ ಪಾಳಿಯವರು ಹೇಳಿದ್ದಕ್ಕೂ ಹಾಸಿಗೆಯಲ್ಲಿ ಇರುವುದಕ್ಕೂ ಎಷ್ಟೋ ಸಲ ತಾಳೆ ಇರುವುದಿಲ್ಲ.

ಇಲ್ಲಿಗೆ ಬರಲು ಹೊರಟವರಿಗೆ ಒಂದೆರಡು ಮಾತು. ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ ದಾಟಿದ ಮೇಲೆ ಓಸ್ಕಿ ಎಂಬ ಹತ್ತು ನಿಲ್ದಾಣಗಳ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಅನುಭವಸ್ಥರೂ ಅಲ್ಲಿ ಬೀಳುವುದು ದೊಡ್ಡ ವಿಷಯಕ್ಕಲ್ಲ. ಕೈ ತೊಳೆಯದೆ ಮುಟ್ಟಿದ್ದಕ್ಕೆ, ಹೆಸರು ಮತ್ತು ಹುಟ್ಟಿದ ದಿನ ಕೇಳದೆ ಮಾತ್ರೆ ಕೊಟ್ಟಿದ್ದಕ್ಕೆ, ಅಲರ್ಜಿ ಕೇಳದ್ದಕ್ಕೆ. ಇನ್ನೊಂದು, ರೋಗಿಯ ಮೈ ತೊಳೆಯುವುದು, ತುತ್ತು ತಿನ್ನಿಸುವುದು, ಕಕ್ಕಸಿಗೆ ಕರೆದೊಯ್ಯುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಊರಲ್ಲಿ ಇವನ್ನು ಮನೆಯವರೋ ಆಯಾನೋ ಮಾಡುತ್ತಾರೆ. ಇಲ್ಲಿ ಸಿಸ್ಟರೂ ಬ್ರದರೂ ಸಹಾಯಕರ ಜೊತೆ ಕೈ ಹಾಕಲೇಬೇಕು. ಬೆನ್ನಿನ ಹುಣ್ಣು ಮೊದಲು ಕಣ್ಣಿಗೆ ಬೀಳುವುದೂ ಆ ಹೊತ್ತಿನಲ್ಲೇ.

ಈಗ ಇಲ್ಲಿ ಹೊಸ ನರ್ಸುಗಳಿಗೆ ಕೆಲಸದ ಬಾಗಿಲು ಮೊದಲಿನಷ್ಟು ತೆರೆದಿಲ್ಲ. ಇಲ್ಲೇ ಓದಿದವರಿಗೇ ಹುದ್ದೆ ಸಿಗದೆ 2025ರಲ್ಲಿ ಸರ್ಕಾರ ಅವರಿಗಾಗಿ ಪ್ರತ್ಯೇಕ ಭರವಸೆ ಕೊಡಬೇಕಾಯಿತು. ಆದ್ದರಿಂದ ಲಕ್ಷಗಟ್ಟಲೆ ಸಾಲ ಮಾಡಿ ಏಜೆಂಟರಿಗೆ ಕೊಡಬೇಡಿ. ವಿದೇಶದಿಂದ ನರ್ಸುಗಳನ್ನು ಕರೆತರುವವರು ಅಭ್ಯರ್ಥಿಯಿಂದ ನೇಮಕಾತಿ ಶುಲ್ಕ ತೆಗೆದುಕೊಳ್ಳಬಾರದೆಂದು ಬ್ರಿಟನ್ನಿನ ನೇಮಕಾತಿ ಸಂಹಿತೆಯಲ್ಲೇ ಇದೆ. ನಿಮ್ಮನ್ನು ಕರೆಯುವ ಏಜೆಂಟರ ಹೆಸರು ಬ್ರಿಟನ್ನಿನ ಅನುಮೋದಿತ ಪಟ್ಟಿಯಲ್ಲಿದೆಯೇ ಎಂದು ನೋಡಿ. ಇಲ್ಲದಿದ್ದರೆ ಅಲ್ಲಿಗೇ ಮಾತು ಮುಗಿಸಿ.