ಕಪ್ಪತಗುಡ್ಡಕ್ಕೆ ಇನ್ನೊಂದು ಅರ್ಜಿ

ಗದಗ ಜಿಲ್ಲೆಯ ಕಪ್ಪತಗುಡ್ಡದ ಹತ್ತಿರ ಗಣಿ ಮಾಡ್ತೀವಿ ಅಂತ ಅರ್ಜಿ ಹಾಕೋರು ಇನ್ನೂ ದಣಿದಿಲ್ಲ. ಸರ್ಕಾರಕ್ಕೂ ದಣಿವಿಲ್ಲ ಬಿಡಿ. 2015ರಲ್ಲಿ ಸಂರಕ್ಷಿತ ಪ್ರದೇಶ ಅಂದಿತು. 2016ರಲ್ಲಿ ಅಲ್ಲ ಅಂದಿತು. ಗದಗಿನಲ್ಲಿ ಸ್ವಾಮೀಜಿಗಳು, ಜನ ಧರಣಿ ಕೂತರು, 2017ರಲ್ಲಿ ಹೌದು ಅಂದಿತು. 2019ರಲ್ಲಿ ವನ್ಯಜೀವಿ ಧಾಮವೂ ಆಯಿತು. ಗುಡ್ಡ ಇದ್ದಲ್ಲೇ ಇದೆ, ಫೈಲು ಮಾತ್ರ ಓಡಾಡಿ ಸವೆದಿದೆ.

ಬೆಳವಣಿಗೆಗೆ ಸಾಕು ಅನ್ನೋದರಲ್ಲಿ ಯುರೋಪಿನವರು ನಮ್ಮಷ್ಟು ಚುರುಕಿಲ್ಲ. ಆರ್ಥಿಕತೆ ಬೆಳೀತಾನೇ ಇದ್ದರೆ ಭೂಮಿ ತಾಳಲ್ಲ, ಶ್ರೀಮಂತ ದೇಶಗಳು ಬಳಕೆ ಇಳಿಸಬೇಕು ಅನ್ನೋ ಡಿಗ್ರೋತ್ ಚಳವಳಿ ಅವರದು. 2008ರಲ್ಲಿ ಪ್ಯಾರಿಸ್ಸಿನಲ್ಲಿ ಸಮ್ಮೇಳನ ಮಾಡಿದರು. ಬ್ರಸೆಲ್ಸ್‌ನ ಯುರೋಪಿಯನ್ ಪಾರ್ಲಿಮೆಂಟಿನೊಳಗೆ ಮೂರು ದಿನ ಈ ಮಾತು ನಡೆಯೋ ಹೊತ್ತಿಗೆ 2023 ಬಂದಿತ್ತು. ಅದೇ ವರ್ಷ ಫ್ರಾನ್ಸ್, ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪೋ ಊರಿಗೆ ವಿಮಾನ ಬೇಡ ಅಂದಿತು. ವಿಮಾನ ನಿಂತಿದ್ದು ಮೂರೇ ಮಾರ್ಗದಲ್ಲಿ. ಇಷ್ಟಕ್ಕೆ ಇಷ್ಟು ವರ್ಷ!

ಹುಬ್ಬಳ್ಳಿಗೆ ಬನ್ನಿ. ಸಮ್ಮೇಳನವಿಲ್ಲ, ಕಾನೂನಿಲ್ಲ. ವಾರಕ್ಕೊಮ್ಮೆ ನಳಕ್ಕೆ ನೀರು ಬಿಟ್ಟರೆ ಬಳಕೆ ತಾನಾಗೇ ಇಳಿಯುತ್ತೆ, ಅಲ್ವಾ? ನಮ್ಮ ಓಣಿಯಲ್ಲಿ ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಒಗೆದ ನೀರು ಸಂಡಾಸಿಗೆ. ಬ್ರಸೆಲ್ಸ್‌ನವರು ತರಬೇತಿಗೆ ಬರೋದಾದರೆ ಓಣಿಯ ಅಕ್ಕೋರು ಕಲಿಸ್ತಾರೆ. ಬ್ಯಾರಲ್ ಮಾತ್ರ ಅವರೇ ತರಬೇಕು.

ಹಾಗಂತ ನಾವು ಬೆಳೆದೇ ಇಲ್ಲ ಅಂದ್ಕೋಬೇಡಿ. ರೈಲ್ವೆ ಪ್ಲಾಟ್‌ಫಾರ್ಮ್ ಇದೆ. 1,507 ಮೀಟರ್, ಜಗತ್ತಿಗೇ ಉದ್ದ. ಆ ತುದಿಯಲ್ಲಿ ಇಳಿದು ಬ್ಯಾಗ್ ಹೊತ್ತು ನಡೆದ ನಮ್ಮ ಕಾಕಾ ಅರ್ಧದಲ್ಲಿ ನಿಂತು, ‘ಧಾರವಾಡ ಬಂತೇನಪಾ?’ ಅಂದರು. ಅಲ್ಲೊಂದು ನಳದಲ್ಲಿ ನೀರು ಬರ್ತಿತ್ತು. ಕಾಕಾ ಮಾತಾಡದೆ ಎರಡು ಬಾಟ್ಲಿ ತುಂಬಿಕೊಂಡರು.

ನಗು ಸಾಕು. ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ 1987ರಲ್ಲಿ ಜನ ಡಿಗ್ರೋತ್ ಹೆಸರು ಕೇಳದೆಯೇ ‘ಕಿತ್ತಿಕೊ-ಹಚ್ಚಿಕೊ’ ಮಾಡಿದರು. ಊರವರು ದನ ಮೇಯಿಸೋ ಜಾಗದಲ್ಲಿ ಕಾರ್ಖಾನೆಗೆಂದು ಹಾಕಿದ್ದ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಸಸಿ ಹಾಕಿಸಿದ್ದು ಸರ್ಕಾರ ಮತ್ತು ಕಾರ್ಖಾನೆ ಸೇರಿ ಮಾಡಿದ್ದ ಜಂಟಿ ಕಂಪನಿ, ಅದನ್ನು ಸರ್ಕಾರ ಕಡೆಗೂ ಮುಚ್ಚಬೇಕಾಯಿತು. ಆದರೆ ನಮ್ಮಲ್ಲಿ ಗೆದ್ದವರು ಮನೆಗೆ ಹೋಗಿ ಮಲಗೋ ಹಾಗಿಲ್ಲ. ಇನ್ನೊಂದು ಅರ್ಜಿ ಬರುತ್ತೆ, ಇನ್ನೊಂದು ಸಭೆ ಕರೀತಾರೆ, ಅದೇ ಜನ ಮತ್ತೆ ಬಿಸಿಲಲ್ಲಿ ಕೂರಬೇಕು. ಅರ್ಜಿ ಬರೆಯೋರಿಗೆ ಅದು ಸಂಬಳದ ಕೆಲಸ. ಧರಣಿಗೆ ಬಂದವರದು ಒಂದು ದಿನದ ಕೂಲಿ ಹೋಯಿತು. ಅವತ್ತೇ ನೀರೂ ಬಿಟ್ಟರೆ ಕೊಡ ಹಿಡಿಯೋರು ಯಾರು?